ಅಮ್ಮ ನಿದ್ದೆ ಮಾಡಿದ ಮಧ್ಯಾಹ್ನ

ತೀವ್ರ ಕಾಯಿಲೆಯಿರುವ ಮಕ್ಕಳಿಗಾಗಿ ಮತ್ತು ಅವರ ಮನೆಮಂದಿಗಾಗಿ ನಡೆಯುವ ಐದು ದಿನಗಳ ಶಿಬಿರವೊಂದರಲ್ಲಿ ನಾನು ಸ್ವಯಂಸೇವಕಿಯಾಗಿದ್ದೆ. ಹೊರಡುವಾಗ ನನ್ನ ಕಣ್ಣ ಮುಂದಿದ್ದದ್ದು ಮಕ್ಕಳನ್ನು ನಗಿಸುವ ಚಿತ್ರ: ಹಾಡು, ಆಟ, ಬಣ್ಣ, ಕುಣಿತ. ಅವೆಲ್ಲ ಅಲ್ಲಿ ಇದ್ದವು, ಮಕ್ಕಳು ನಕ್ಕದ್ದೂ ನಿಜ. ಆದರೆ ಈಗ ಆ ದಿನಗಳನ್ನು ನೆನೆದರೆ ಮೊದಲು ಎದುರಿಗೆ ಬರುವುದು ಎರಡನೆಯ ದಿನ ಮಧ್ಯಾಹ್ನ ಒಬ್ಬ ತಾಯಿ ಕೋಣೆಯ ಬಾಗಿಲು ಹಾಕಿಕೊಂಡು ಮೂರೂವರೆ ಗಂಟೆ ನಿದ್ದೆ ಮಾಡಿದ್ದು. ಆ ನಿದ್ದೆಯ ಹಿಂದೆ ಎಷ್ಟು ಜನರ ಎಷ್ಟು ತಿಂಗಳ ಸಿದ್ಧತೆ ಇತ್ತು ಎಂಬುದು ನನಗೆ ತಿಳಿದದ್ದು ಆ ಸಿದ್ಧತೆಯ ಒಂದು ತುದಿಯನ್ನು ನಾನೇ ಹಿಡಿದುಕೊಂಡಾಗ.

ಅರ್ಜಿ ಹಾಕಿದ್ದು ಶಿಬಿರಕ್ಕಿಂತ ನಾಲ್ಕು ತಿಂಗಳು ಮುಂಚೆ. ನನ್ನನ್ನು ಬಲ್ಲ ಇಬ್ಬರ ಶಿಫಾರಸು ಪತ್ರ, ಪೊಲೀಸರಿಂದ ಹಿನ್ನೆಲೆ ಪರಿಶೀಲನೆ, ವೈದ್ಯರ ಸಹಿಯಿರುವ ಆರೋಗ್ಯ ಪತ್ರ, ಹಾಕಿಸಿಕೊಂಡ ಲಸಿಕೆಗಳ ವಿವರ, ಎಲ್ಲವನ್ನೂ ಕೇಳಿದರು. ಚಿಕ್ಕಂದಿನಲ್ಲಿ ನನಗೆ ಸೀತಾಳೆ ಸಿಡುಬು ಬಂದಿತ್ತೋ ಇಲ್ಲವೋ ನೆನಪಿರಲಿಲ್ಲ, ಅಮ್ಮನಿಗೂ ಖಚಿತವಿರಲಿಲ್ಲ. ಕೊನೆಗೆ ರಕ್ತಪರೀಕ್ಷೆ ಮಾಡಿಸಿ, ಪ್ರತಿಕಾಯಗಳಿವೆ ಎಂಬ ವರದಿಯನ್ನು ಕಳಿಸಿದ ಮೇಲಷ್ಟೇ ಅರ್ಜಿ ಮುಂದಕ್ಕೆ ಹೋಯಿತು. ಸೇವೆಗೆ ಬರುತ್ತೇನೆ ಎಂದವರನ್ನು ಇಷ್ಟೊಂದು ತಡೆದು ನಿಲ್ಲಿಸಬೇಕೇ ಎಂದು ಆಗ ಬೇಸರವಾಗಿತ್ತು. ಕಾರಣ ತಿಳಿದ ಮೇಲೆ ಬೇಸರ ಉಳಿಯಲಿಲ್ಲ. ಸೀತಾಳೆ ಸಿಡುಬು ಮೈಮೇಲೆ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ಹರಡಲು ಶುರುವಾಗುತ್ತದೆ. ಸೋಂಕು ತಗಲಿದ ಮೇಲೆ ಅದು 10ರಿಂದ 21 ದಿನಗಳವರೆಗೆ ಯಾವ ಸುಳಿವನ್ನೂ ಕೊಡದೆ ಒಳಗೇ ಇರಬಲ್ಲದು. ಆರೋಗ್ಯವಂತ ಮಗು ಅದನ್ನು ಒಂದು ವಾರದಲ್ಲಿ ಕಳೆದುಕೊಳ್ಳುತ್ತದೆ. ಕೀಮೋಥೆರಪಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿರುವ ಮಗುವಿನಲ್ಲಿ ಅದು ಶ್ವಾಸಕೋಶಕ್ಕೋ ಯಕೃತ್ತಿಗೋ ಇಳಿದು ಪ್ರಾಣಕ್ಕೇ ಎರವಾಗಬಹುದು. ಅಂಥ ಮಗುವಿನ ತಂದೆತಾಯಿ ಗುಂಪಿನೊಳಗೆ ಹೆಜ್ಜೆಯಿಡಲು ಒಪ್ಪುವುದೇ ಆ ಕಾಗದಗಳ ಭರವಸೆಯ ಮೇಲೆ.

ಸಂದರ್ಶನದಲ್ಲಿ ಕೇಳಿದ ಒಂದು ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಇತ್ತೀಚೆಗೆ ನಿಮ್ಮ ಹತ್ತಿರದವರು ಯಾರಾದರೂ ತೀರಿಕೊಂಡಿದ್ದಾರೆಯೇ ಎಂದರು. ಅಪ್ಪ ಹೋಗಿ ಮೂರು ವರ್ಷವಾಗಿತ್ತು. ಆ ಬಗ್ಗೆ ಇನ್ನೂ ಎರಡು ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರಿಸುವಾಗ ನನ್ನ ದನಿ ಹೇಗಿದೆ ಎಂದು ಗಮನಿಸಿದರೆಂದು ನನಗನ್ನಿಸಿತು. ಹಸಿ ದುಃಖದಲ್ಲಿರುವವರನ್ನು ಅವರು ಕೆಲಕಾಲ ಕಾಯಲು ಹೇಳುತ್ತಾರೆ. ಬೇರೊಬ್ಬರ ಮಗುವಿನ ಪಕ್ಕ ಕುಳಿತು ನಮ್ಮ ದುಃಖವನ್ನು ಅಳುವಂತಾದರೆ, ಆ ಮಗುವಿನ ತಾಯಿ ತನ್ನ ಕೆಲಸದ ಜೊತೆಗೆ ನಮ್ಮನ್ನೂ ಸಮಾಧಾನ ಮಾಡಬೇಕಾಗುತ್ತದೆ. ಅರ್ಜಿಯ ಕೊನೆಯ ಪುಟದಲ್ಲಿ ಇನ್ನೊಂದು ಚೌಕವಿತ್ತು: ನೀವು ನೋಡಿಕೊಂಡ ಮಗುವಿನ ಸಾವಿನ ಸುದ್ದಿ ಮುಂದೆಂದಾದರೂ ಬಂದರೆ, ಕುಟುಂಬದ ಒಪ್ಪಿಗೆಯಿದ್ದಲ್ಲಿ, ನಿಮಗೆ ತಿಳಿಸಬೇಕೇ? ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ತಿಳಿಸಿ ಎಂದು ಗುರುತು ಹಾಕಿದೆ.

ತರಬೇತಿ ಎರಡು ದಿನ ನಡೆಯಿತು. ಇಂಥ ಜಾಗಗಳು ಹುಟ್ಟಿದ ಬಗೆಯಿಂದ ಆರಂಭಿಸಿದರು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 1982ರಲ್ಲಿ ಸಿಸ್ಟರ್ ಫ್ರಾನ್ಸಸ್ ಡೊಮಿನಿಕಾ ಆರಂಭಿಸಿದ ಹೆಲೆನ್ ಹೌಸ್, ಮಕ್ಕಳಿಗಾಗಿಯೇ ಕಟ್ಟಿದ ಜಗತ್ತಿನ ಮೊದಲ ಹಾಸ್ಪೈಸ್, ಅಂದರೆ ಗುಣವಾಗದ ಕಾಯಿಲೆಯವರ ಆರೈಕೆಯ ಮನೆ. ಮನೆಯಲ್ಲಿ ಹಗಲಿರುಳು ಮಗುವನ್ನು ನೋಡಿಕೊಳ್ಳುವವರಿಗೆ ಕೆಲದಿನಗಳ ಬಿಡುವು ಕೊಡುವುದು ಮೊದಲಿನಿಂದಲೂ ಅದರ ಉದ್ದೇಶಗಳಲ್ಲಿ ಒಂದು. ಚಿತ್ರನಟ ಪಾಲ್ ನ್ಯೂಮನ್ 1988ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಆಶ್‌ಫರ್ಡ್‌ನಲ್ಲಿ ತೀವ್ರ ಕಾಯಿಲೆಯ ಮಕ್ಕಳಿಗಾಗಿ ಬೇಸಿಗೆ ಶಿಬಿರವನ್ನು ತೆರೆದರು. 1994ರಲ್ಲಿ ಐರ್ಲೆಂಡಿನ ಬ್ಯಾರೆಟ್ಸ್‌ಟೌನ್ ಕೋಟೆಯಲ್ಲಿ ಅದೇ ಬಗೆಯ ಇನ್ನೊಂದು ಶಿಬಿರ ಆರಂಭವಾಯಿತು. ಅಲ್ಲಿ ರೂಪುಗೊಂಡ ಕ್ರಮವನ್ನು ನಮಗೂ ನಾಲ್ಕು ಮಾತುಗಳಲ್ಲಿ ಕಲಿಸಿದರು: ಸವಾಲು, ಗೆಲುವು, ಮೆಲುಕು, ಕಂಡುಕೊಳ್ಳುವುದು. ಮಗುವಿನ ಮುಂದೆ ಅದರ ಕೈಗೆಟುಕುವ ಸವಾಲೊಂದನ್ನು ಇಡಬೇಕು. ಎಷ್ಟು ದೂರ ಹೋಗಬೇಕೆಂಬುದನ್ನು ಮಗುವೇ ತೀರ್ಮಾನಿಸಬೇಕು. ಸಂಜೆ ಆ ಬಗ್ಗೆ ಮಾತಾಡಲು ಸಮಯವಿರಬೇಕು. ನಾವು ಹುರಿದುಂಬಿಸಿ ಇನ್ನೊಂದು ಹೆಜ್ಜೆ ಇಡಿಸಿದರೆ ಆ ಗೆಲುವು ನಮ್ಮದಾಗಿಬಿಡುತ್ತದೆ ಎಂದು ತರಬೇತಿ ನೀಡಿದವರು ಹೇಳಿದ್ದು ಮುಂದೆ ಹಗ್ಗದ ಕೆಳಗೆ ನಿಂತಾಗ ನೆನಪಿಗೆ ಬಂತು.

ಉಳಿದದ್ದು ಕೈಗೆ ಬರಬೇಕಾದ ಕೆಲಸ. ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜುವುದು. ಯಾವ ಮಗುವಿನೊಂದಿಗೂ ಒಬ್ಬರೇ ಮುಚ್ಚಿದ ಬಾಗಿಲ ಹಿಂದೆ ಇರದಿರುವುದು. ಫೋಟೊ ತೆಗೆಯದಿರುವುದು. ಫಿಟ್ಸ್ ಬಂದ ಮಗುವನ್ನು ಮೆಲ್ಲನೆ ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕದೆ, ಗಡಿಯಾರ ನೋಡುವುದು; ಐದು ನಿಮಿಷ ದಾಟಿದರೆ ಅದು ತುರ್ತು ಪರಿಸ್ಥಿತಿ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ಕಾಯಿಲೆಯ ಮಕ್ಕಳಿಗೆ ತಣ್ಣೀರಿನ ಈಜು ಕೂಡದು, ಮೈ ತಣ್ಣಗಾದರೆ ಅಥವಾ ನೀರು ಕುಡಿಯುವುದು ಕಡಿಮೆಯಾದರೆ ಅವರಿಗೆ ಸಹಿಸಲಾಗದ ನೋವು ಕೆರಳುತ್ತದೆ. ಅಲಂಕಾರಕ್ಕೆ ಬಲೂನುಗಳೇ ಇರಲಿಲ್ಲ. ಮಕ್ಕಳ ಶಿಬಿರದಲ್ಲಿ ಬಲೂನು ಇಲ್ಲವೇ ಎಂದು ನಾನು ಕೇಳಿದೆ. ಬೆನ್ನುಹುರಿಯ ಜನ್ಮದೋಷವಿರುವ, ಹುಟ್ಟಿದಂದಿನಿಂದ ಹಲವು ಶಸ್ತ್ರಚಿಕಿತ್ಸೆಗಳನ್ನು ಕಂಡ ಮಕ್ಕಳಲ್ಲಿ ಬಹಳಷ್ಟು ಜನರಿಗೆ ರಬ್ಬರಿನ ಅಲರ್ಜಿ ಇರುತ್ತದೆ, ಅವರು ಬಲೂನು ಊದುವುದಿರಲಿ, ಅದು ಒಡೆದ ಕೋಣೆಯಲ್ಲಿ ಉಸಿರಾಡುವುದೂ ಅಪಾಯವಾಗಬಹುದು ಎಂದರು.

ಎತ್ತುವ ಪಾಠವನ್ನು ಫಿಸಿಯೊಥೆರಪಿಸ್ಟ್ ಒಬ್ಬರು ಮಾಡಿದರು. ಮಗುವನ್ನು ಎತ್ತಬೇಕೆಂದರೆ ನಮ್ಮೆಲ್ಲರ ಕೈ ತಾನಾಗಿಯೇ ಕಂಕುಳಿಗೆ ಹೋಗುತ್ತದೆ. ಸ್ನಾಯುಕ್ಷಯವಿರುವ ಮಗುವನ್ನು ಹಾಗೆ ಎತ್ತಿದರೆ ಭುಜದಲ್ಲಿ ಹಿಡಿತವಿಲ್ಲದ ಕಾರಣ ತೋಳುಗಳು ಮೇಲಕ್ಕೆ ಹೋಗಿ, ಮೈ ನಮ್ಮ ಕೈಗಳ ನಡುವಿನಿಂದ ಕೆಳಕ್ಕೆ ಜಾರಿಬಿಡುತ್ತದೆ. ಅದಕ್ಕಾಗಿ ಹಾಯ್ಸ್ಟ್ ಎಂಬ ಎತ್ತುವ ಯಂತ್ರ, ತೊಡೆ ಮತ್ತು ಬೆನ್ನಿನ ಕೆಳಗೆ ಹಾಸುವ ಬಟ್ಟೆಯ ಜೋಲಿ. ಜೋಲಿಯಲ್ಲಿ ನಮ್ಮನ್ನೂ ಕೂರಿಸಿ ಎತ್ತಿದರು. ಪಾದ ನೆಲ ಬಿಟ್ಟ ಕ್ಷಣ ನಾನು ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ‘ಹಿಡಿದುಕೊಳ್ಳಲು ಕೈಯಲ್ಲಿ ಬಲವಿಲ್ಲದವರನ್ನು ನಾಡಿದ್ದು ನೀವು ಹೀಗೆ ಎತ್ತುತ್ತೀರಿ. ಎತ್ತುವ ಮೊದಲು ಹೇಳಿ, ಎತ್ತುವಾಗ ಹೇಳಿ, ಇಳಿಸುವಾಗಲೂ ಹೇಳಿ’ ಎಂದರು ಅವರು.

ತರಬೇತಿ ಮುಗಿದ ಮರುದಿನ ಬೆಳಗ್ಗೆ ಕುಟುಂಬಗಳು ಬಂದವು. ಒಂದೊಂದು ಕುಟುಂಬಕ್ಕೆ ಇಬ್ಬರು ಸ್ವಯಂಸೇವಕರು. ನನ್ನ ಜೊತೆಗಾರ ಆಗಲೇ ನಾಲ್ಕು ಶಿಬಿರಗಳನ್ನು ಮುಗಿಸಿದವರು, ಮಾತು ಕಡಿಮೆ. ನಮ್ಮ ಪಾಲಿಗೆ ಬಂದದ್ದು ಒಬ್ಬ ತಾಯಿ, ಹದಿಮೂರು ವರ್ಷದ ಮಗ, ಹತ್ತು ವರ್ಷದ ಮಗಳು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಸಹಿ ಹಾಕಿದ ಷರತ್ತುಗಳಲ್ಲಿ ಅದೂ ಒಂದು, ಷರತ್ತು ಇಲ್ಲದಿದ್ದರೂ ಬರೆಯುತ್ತಿರಲಿಲ್ಲ.

ಹುಡುಗನಿಗೆ ಡುಶೆನ್ ಸ್ನಾಯುಕ್ಷಯ. ಸ್ನಾಯುಗಳನ್ನು ಸವೆತದಿಂದ ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನನ್ನು ಗುರುತಿಸಿದ್ದೇ 1987ರಲ್ಲಿ. ಅದನ್ನು ತಯಾರಿಸುವ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಅದರ ದೋಷ ಹೆಚ್ಚಾಗಿ ಗಂಡುಮಕ್ಕಳಲ್ಲೇ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತದೆ. ಮೂರು ನಾಲ್ಕು ವರ್ಷಕ್ಕೆ ಓಡುವಾಗ ಎಡವುವ ಮಗು, ಹನ್ನೆರಡರ ಆಸುಪಾಸಿಗೆ ವೀಲ್‌ಚೇರಿಗೆ ಬರುತ್ತದೆ. ಮುಂದೆ ತೋಳು, ಉಸಿರಾಟ, ಹೃದಯ. ನನಗೆ ಸಿಕ್ಕಿದ ಹುಡುಗ ಬಲಗೈಯ ಎರಡು ಬೆರಳುಗಳಿಂದ ತನ್ನ ವೀಲ್‌ಚೇರಿನ ಜಾಯ್‌ಸ್ಟಿಕ್ಕನ್ನು ನಡೆಸುತ್ತಿದ್ದ. ಮೊಣಕೈ ದಿಂಬಿನಿಂದ ಅರ್ಧ ಇಂಚು ಜಾರಿದರೂ ಬೆರಳು ಕಡ್ಡಿಗೆ ಎಟುಕುತ್ತಿರಲಿಲ್ಲ, ಕುರ್ಚಿ ನಿಂತುಬಿಡುತ್ತಿತ್ತು. ಆಗ ಅವನು ಯಾರನ್ನೂ ಕೂಗುತ್ತಿರಲಿಲ್ಲ. ಸುಮ್ಮನೆ ತಂಗಿಯ ಕಡೆ ನೋಡುತ್ತಿದ್ದ. ಆ ಹುಡುಗಿ ಏನು ಮಾಡುತ್ತಿದ್ದರೂ ಬಿಟ್ಟು ಬಂದು, ಮೊಣಕೈಯನ್ನು ಸರಿಸಿ, ಮರಳಿ ಹೋಗುತ್ತಿದ್ದಳು. ಮೊದಲ ದಿನ ಊಟದ ಹೊತ್ತಿನೊಳಗೆ ಅವಳು ಹಾಗೆ ಎದ್ದು ಹೋದದ್ದನ್ನು ನಾನು ಹನ್ನೊಂದು ಸಲ ಎಣಿಸಿದೆ.

ತಾಯಿಯ ಕೈಯಲ್ಲೊಂದು ಪುಸ್ತಕವಿತ್ತು, ಶಾಲೆಯ ಮಕ್ಕಳು ಬರೆಯುವಂಥ ನೂರು ಪುಟದ ಗೆರೆಪುಸ್ತಕ. ಯಾವ ಹೊತ್ತಿಗೆ ಯಾವ ಮಾತ್ರೆ, ಎಷ್ಟು ನೀರು, ಮಲವಿಸರ್ಜನೆಯಾಯಿತೇ, ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಿದ್ದು, ಪ್ರತಿಯೊಂದೂ ಅದರಲ್ಲಿತ್ತು. ಬೆಳಗಿನ ಸ್ಟೀರಾಯ್ಡ್ ಮಾತ್ರೆಯ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ವರ್ಷಗಟ್ಟಲೆ ಆ ಔಷಧ ತೆಗೆದುಕೊಂಡವರ ಮೈ ತಾನು ತಯಾರಿಸಬೇಕಾದ ಹಾರ್ಮೋನನ್ನು ತಯಾರಿಸುವುದನ್ನೇ ಮರೆತಿರುತ್ತದೆ, ಮಾತ್ರೆ ಹಠಾತ್ತಾಗಿ ನಿಂತರೆ ಅಥವಾ ವಾಂತಿಯಾಗಿ ಹೊರಹೋದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಶಿಬಿರದ ನರ್ಸ್ ಆ ಪುಸ್ತಕವನ್ನು ಮುಂದಿಟ್ಟುಕೊಂಡು ತಾಯಿಯೊಂದಿಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಕುಳಿತರು. ಆಸ್ಪತ್ರೆಯ ಕಡತ ಅವರ ಬಳಿ ಆಗಲೇ ಇತ್ತು, ಆದರೂ ಕೇಳಿದರು: ಮಾತ್ರೆ ನುಂಗುವಾಗ ತಲೆಗೆ ಹಿಂದಿನಿಂದ ಆಸರೆ ಬೇಕೇ? ಎಡ ಮಗ್ಗುಲು ಇಷ್ಟವೋ, ಬಲವೋ? ನೋವಾದರೆ ಹೇಳುತ್ತಾನೋ, ಮುಖ ನೋಡಿ ನಾವೇ ತಿಳಿದುಕೊಳ್ಳಬೇಕೋ? ಕೊನೆಯ ಪ್ರಶ್ನೆಗೆ ತಾಯಿ, ‘ಹೇಳಲ್ಲ. ಹುಬ್ಬು ಗಂಟಿಕ್ಕಿದ್ರೆ ಸೊಂಟ ನೋಯ್ತಿದೆ ಅಂತ’ ಎಂದರು. ನರ್ಸ್ ಅದನ್ನೂ ಬರೆದುಕೊಂಡರು. ತಾಯಿಯ ಭುಜ ಸ್ವಲ್ಪ ಸಡಿಲವಾದದ್ದು ಆಗ.

ಈ ಕಾಯಿಲೆಯ ಹುಡುಗರು ಒಂದು ಹಂತದ ನಂತರ ನಿದ್ದೆಯಲ್ಲಿ ತಾವಾಗಿ ಹೊರಳಲಾರರು. ನಾವು ರಾತ್ರಿಯಿಡೀ ಅರಿವಿಲ್ಲದೆ ಎಷ್ಟು ಸಲ ಮಗ್ಗುಲು ಬದಲಿಸುತ್ತೇವೋ, ಅದರಲ್ಲಿ ಒಂದಿಷ್ಟನ್ನಾದರೂ ಯಾರಾದರೂ ಎದ್ದು ಅವರಿಗೆ ಮಾಡಿಕೊಡಬೇಕು. ಈ ತಾಯಿ ಮೂರು ವರ್ಷಗಳಿಂದ ಒಂದೇ ಸಮನೆ ನಾಲ್ಕು ಗಂಟೆ ಮಲಗಿದ್ದಿಲ್ಲ ಎಂದು ಪುಸ್ತಕದ ಲೆಕ್ಕವೇ ಹೇಳುತ್ತಿತ್ತು. ರಾತ್ರಿಯ ಪಾಳಿಯವರು ನೋಡಿಕೊಳ್ಳುತ್ತಾರೆ, ನೀವು ಮಲಗಿ ಎಂದು ಎಲ್ಲರೂ ಹೇಳಿದರೂ ಮೊದಲ ರಾತ್ರಿ ಅವರು ಮಲಗಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದರಂತೆ. ಅದನ್ನು ಯಾರೂ ತಪ್ಪೆಂದು ಎಣಿಸಲಿಲ್ಲ. ‘ನಮ್ಮನ್ನು ನಂಬಲು ಅವರಿಗೆ ಒಂದು ರಾತ್ರಿಯಾದರೂ ಬೇಡವೇ?’ ಎಂದರು ನನ್ನ ಜೊತೆಗಾರ.

ಮಾರನೆಯ ದಿನ ಮಧ್ಯಾಹ್ನ ಹುಡುಗನೇ ನನಗೆ ದಿಂಬಿನ ಪಾಠ ಹೇಳಿದ. ಒಟ್ಟು ಆರು ದಿಂಬು. ತಲೆಗೊಂದು, ಬೆನ್ನಿಗೊಂದು, ಮಂಡಿಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಒಂದು, ಒಂದೊಂದು ಮೊಣಕೈಗೂ ಒಂದೊಂದು. ‘ಮಂಡಿದು ಮೊದ್ಲು ಇಡಿ ಅಕ್ಕ. ಇಲ್ದಿದ್ರೆ ಬೆನ್ನಿಂದು ಜಾರತ್ತೆ.’ ನಾನು ಇಟ್ಟೆ. ‘ಇನ್ನೂ ಸ್ವಲ್ಪ ಮೇಲೆ.’ ಸರಿಸಿದೆ. ‘ಜಾಸ್ತಿ ಆಯ್ತು.’ ಮತ್ತೆ ಸರಿಸಿದೆ. ಹಾಗೆ ಎಂಟೋ ಹತ್ತೋ ಸಲ ಆಗಿರಬೇಕು. ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದೆರಡು ಸಲ ಅವರ ಕೈ ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಕೊನೆಗೆ ಹುಡುಗ ‘ಹಾಂ, ಸರಿ’ ಎಂದ. ಅವನ ಹುಬ್ಬು ನೆಟ್ಟಗಿತ್ತು. ತಾಯಿ ಅದನ್ನು ನೋಡಿದರು, ನಾನೂ ನೋಡಿದೆ. ತಾಯಿ ಪುಸ್ತಕವನ್ನು ನರ್ಸ್ ಅವರ ಮೇಜಿನ ಮೇಲಿಟ್ಟು, ಪಕ್ಕದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡರು. ಐದೂಕಾಲಿನವರೆಗೆ ಅವರ ಸದ್ದಿರಲಿಲ್ಲ.

ಎದ್ದು ಬಂದಾಗ ಅವರ ಕೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಗುರುತು ಮೂಡಿತ್ತು. ‘ಏನಾದ್ರೂ ಆಯ್ತಾ?’ ಎಂದು ಕೇಳಿದರು. ನರ್ಸ್ ಪುಸ್ತಕವನ್ನು ಕೊಟ್ಟರು. ಅವರು ಮಲಗಿದ್ದ ಹೊತ್ತಿನ ಸಾಲುಗಳು ಅದರಲ್ಲಿ ಅವರ ಕ್ರಮದಲ್ಲೇ, ಬೇರೊಬ್ಬರ ಅಕ್ಷರದಲ್ಲಿದ್ದವು.

ನನ್ನಿಂದ ಆದ ಒಂದು ತಪ್ಪನ್ನೂ ಹೇಳಲೇಬೇಕು. ಆ ಸಂಜೆ ತಂಗಿ ಒಬ್ಬಳೇ ಕುಳಿತು ಬಣ್ಣದ ಕಾಗದ ಕತ್ತರಿಸುತ್ತಿದ್ದಳು. ಬೆಳಗಿನಿಂದ ಅವಳನ್ನು ನೋಡುತ್ತಿದ್ದ ನನಗೆ ಅವಳ ಮೇಲೆ ಅಕ್ಕರೆ ಉಕ್ಕಿತ್ತು. ‘ಅಣ್ಣನ್ನ ನೀನು ಎಷ್ಟು ಚೆನ್ನಾಗಿ ನೋಡ್ಕೋತೀಯ ಪುಟ್ಟಾ’ ಎಂದೆ. ಅವಳು ತಲೆಯಾಡಿಸಿ, ಕತ್ತರಿಯನ್ನು ಕೆಳಗಿಟ್ಟು, ಅಣ್ಣನ ಹತ್ತಿರ ಹೋಗಿ ನಿಂತಳು. ಅವನಿಗೆ ಆಗ ಏನೂ ಬೇಕಿರಲಿಲ್ಲ.

ರಾತ್ರಿ ದಿನದ ಕೆಲಸದ ಬಗ್ಗೆ ಎಲ್ಲರೂ ಕುಳಿತು ಮಾತಾಡುವಾಗ ಇದನ್ನು ಹೇಳಿದೆ. ಒಡಹುಟ್ಟಿದವರ ಗುಂಪನ್ನು ನಡೆಸುವ ಹಿರಿಯರೊಬ್ಬರು ಬಿಡಿಸಿ ಹೇಳಿದರು. ಈ ಮಕ್ಕಳನ್ನು ಜನ ಹೊಗಳುವುದು ಇದೊಂದಕ್ಕೇ. ನೆಂಟರು, ಶಿಕ್ಷಕರು, ಡಾಕ್ಟರು, ಎಲ್ಲರ ಬಾಯಲ್ಲೂ ಅದೇ ಮಾತು. ಹಾಗಾಗಿ ತಾನು ಯಾರಿಗಾದರೂ ಕಾಣಬೇಕೆಂದರೆ ಅಣ್ಣನ ಪಕ್ಕ ನಿಂತಿರಬೇಕು ಎಂದು ಮಗು ಕಲಿತುಬಿಡುತ್ತದೆ. ‘ಅವಳು ಕತ್ತರಿಸುತ್ತಿದ್ದದ್ದು ಏನು?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನೋಡಿರಲಿಲ್ಲ.

ಮರುದಿನ ನೋಡಿದೆ. ಅದು ಮನೆಯ ನಕ್ಷೆ. ಕೋಣೆಗಳು, ಬಾಗಿಲುಗಳು, ಬಾಗಿಲಿನ ಅಗಲಕ್ಕೆ ಬೇರೆ ಬೇರೆ ಬಣ್ಣ. ಏನೂ ಹೊಗಳದೆ ಪಕ್ಕದಲ್ಲಿ ಕುಳಿತು, ಈ ಕೋಣೆ ಯಾರದು ಎಂದು ಕೇಳಿದೆ. ತನ್ನದು ಎಂದಳು; ಅದಕ್ಕೆ ಒಳಗಿನಿಂದ ಚಿಲಕ ಬರೆದಿದ್ದಳು. ಅಂದಿನಿಂದ ಅವಳ ಅಣ್ಣನ ಮೊಣಕೈ ನನ್ನ ಜವಾಬ್ದಾರಿಯಾಯಿತು. ಅವನು ತಂಗಿಯತ್ತ ನೋಡುವ ಮುನ್ನವೇ ನಾನು ಹೋಗಿ, ಸರಿಸಲೇ ಎಂದು ಕೇಳಿ, ಸರಿಸುತ್ತಿದ್ದೆ. ಮೊದಲ ಒಂದೆರಡು ಸಲ ಅವಳು ಅರ್ಧ ಎದ್ದು ಕುಳಿತಳು. ಸಂಜೆಯ ಹೊತ್ತಿಗೆ ಏಳುವುದನ್ನು ನಿಲ್ಲಿಸಿದ್ದಳು.

ಅದೇ ದಿನ ಹಗ್ಗದ ಆಟ. ಎರಡು ಕಂಬಗಳ ನಡುವೆ ರಾಟೆ, ಇಡೀ ಮೈಗೆ ಕಟ್ಟುವ ಪಟ್ಟಿ, ಕುತ್ತಿಗೆಗೆ ಆಸರೆ. ಸ್ಟೀರಾಯ್ಡಿನಿಂದ ಮೂಳೆಗಳು ಟೊಳ್ಳಾಗುವುದರಿಂದ ಫಿಸಿಯೊಥೆರಪಿಸ್ಟ್ ಅವನ ಬೆನ್ನು, ತೊಡೆಗಳನ್ನು ಮೊದಲೇ ಪರೀಕ್ಷಿಸಿ, ಪಟ್ಟಿ ಒತ್ತುವ ಕಡೆಯೆಲ್ಲ ಮೆತ್ತೆ ಇಟ್ಟಿದ್ದರು. ಹಗ್ಗವನ್ನು ಕೆಳಗಿನಿಂದ ಎಳೆಯುವವರಲ್ಲಿ ಅವನ ತಂಗಿಯೂ ಇದ್ದಳು. ಎಲ್ಲಿಯವರೆಗೆ ಹೋಗಬೇಕೆಂದು ಅವನನ್ನೇ ಕೇಳಿದರು. ತುದಿಯಲ್ಲಿ ಬಾರಿಸಲು ಗಂಟೆಯಿತ್ತು, ಅದಕ್ಕೂ ಮೊದಲು ಹೋದ ಮಕ್ಕಳೆಲ್ಲ ಅದನ್ನು ಬಾರಿಸಿ ಬಂದಿದ್ದರು. ಇವನು ಏರಿದ. ಒಂದು ಮೀಟರು, ಒಂದೂವರೆ, ಎರಡು, ಇನ್ನೊಂದು ಚೂರು. ‘ಸಾಕು’ ಎಂದ. ನನ್ನ ಬಾಯಿಗೆ ‘ಇನ್ನೊಂಚೂರು’ ಎಂಬ ಮಾತು ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ತಡೆದೆ. ಅವನು ಅಲ್ಲೇ ಸುಮಾರು ನಾಲ್ಕು ನಿಮಿಷ ತೂಗುತ್ತ, ಕೆಳಗೆ ನೋಡುತ್ತಿದ್ದ. ಇಳಿದ ಮೇಲೆ ತಾಯಿ ಕೇಳಿದರು, ಏನು ಕಂಡೆ ಎಂದು. ‘ನಿನ್ನ ನೆತ್ತಿ. ಅಲ್ಲಿ ಬಿಳಿ ಕೂದ್ಲು ಇದೆ ಅಮ್ಮ, ನಂಗೆ ಗೊತ್ತೇ ಇರ್ಲಿಲ್ಲ.’ ತಾಯಿ ಕೈಯೆತ್ತಿ ನೆತ್ತಿ ಮುಟ್ಟಿಕೊಂಡರು. ವೀಲ್‌ಚೇರಿನಿಂದ ಎಲ್ಲರನ್ನೂ ಕೆಳಗಿನಿಂದಲೇ ನೋಡುವ ಹುಡುಗನಿಗೆ ಬೇಕಾಗಿದ್ದ ಎತ್ತರ ಅಷ್ಟೇ ಆಗಿತ್ತು.

ಮೂರನೆಯ ಸಂಜೆ ಇನ್ನೊಂದು ಕುಟುಂಬದ ಆರು ವರ್ಷದ ಹುಡುಗಿಗೆ ಜ್ವರ ಬಂತು. ಅವಳಿಗೆ ಲ್ಯುಕೇಮಿಯಾ, ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಬಗೆ ಅದು. ಚಿಕಿತ್ಸೆ ಒಟ್ಟು ಎರಡರಿಂದ ಮೂರು ವರ್ಷ ನಡೆಯುತ್ತದೆ, ಅದರಲ್ಲಿ ಮನೆಯಲ್ಲೇ ದಿನವೂ ಮಾತ್ರೆ ನುಂಗುವ ಕೊನೆಯ ಹಂತವೇ ದೀರ್ಘ. ಅವಳು ಆ ಹಂತದಲ್ಲಿದ್ದಳು. ಥರ್ಮಾಮೀಟರ್ 38.2 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಬೇರೆ ಮಗುವಾಗಿದ್ದರೆ ಜ್ವರದ ಮಾತ್ರೆ ಕೊಟ್ಟು ಬೆಳಗಿನವರೆಗೆ ನೋಡಬಹುದಿತ್ತು. ಬಿಳಿ ರಕ್ತಕಣಗಳು ಕುಸಿದಿರಬಹುದಾದ ಮಗುವಿನಲ್ಲಿ ಜ್ವರವೊಂದೇ ಸೋಂಕಿನ ಏಕೈಕ ಸುಳಿವಾಗಿರಬಹುದು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಶುರುವಾಗಬೇಕು. ಶಿಬಿರ ಆರಂಭವಾಗುವ ಮೊದಲೇ ಹತ್ತಿರದ ಆಸ್ಪತ್ರೆಗೆ ಅಲ್ಲಿರುವ ಪ್ರತಿ ಮಗುವಿನ ವಿವರ ಹೋಗಿತ್ತು. ಬಾಗಿಲ ಬಳಿ ಸಿದ್ಧವಿದ್ದ ಚೀಲವನ್ನು ಎತ್ತಿಕೊಂಡು ಡಾಕ್ಟರು, ತಂದೆತಾಯಿ, ಮಗು ಹೊರಟಾಗ ಥರ್ಮಾಮೀಟರ್ ಇಟ್ಟು ಇನ್ನೂ ಹನ್ನೆರಡು ನಿಮಿಷವಾಗಿರಲಿಲ್ಲ.

ಉಳಿದವನು ಅವಳ ನಾಲ್ಕು ವರ್ಷದ ತಮ್ಮ. ರಾತ್ರಿ ಅಜ್ಜಿ ಬರುವವರೆಗೆ ನಾನೂ ಇನ್ನೊಬ್ಬರೂ ಅವನ ಜೊತೆ ಕೂರಬೇಕಾಯಿತು. ಅಕ್ಕ ಯಾವಾಗ ಬರ್ತಾಳೆ ಎಂದು ಕೇಳಿದ. ಬೇಗ ಬರುತ್ತಾಳೆ ಎನ್ನುವುದು ಸುಲಭವಿತ್ತು. ಹಾಗೆ ಹೇಳಬಾರದೆಂದು ನಮಗೆ ಕಲಿಸಿದ್ದರು: ಗೊತ್ತಿರುವುದನ್ನು ಮಾತ್ರ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ. ‘ಯಾವಾಗ ಅಂತ ನಂಗೊತ್ತಿಲ್ಲ. ಅಮ್ಮ ಅಪ್ಪ ಅವಳ ಜೊತೆ ಇದ್ದಾರೆ. ಅಜ್ಜಿ ಬರೋವರೆಗೂ ನಾನು ಇಲ್ಲೇ ಇರ್ತೀನಿ’ ಎಂದೆ. ಅದೇ ಪ್ರಶ್ನೆಯನ್ನು ಅವನು ಮತ್ತೆ ಮತ್ತೆ ಕೇಳಿದ, ನಾನು ಅದೇ ಉತ್ತರವನ್ನು ಅದೇ ಮಾತುಗಳಲ್ಲಿ ಕೊಟ್ಟೆ. ಅವಳು ಶಿಬಿರಕ್ಕೆ ಮರಳಲಿಲ್ಲ. ಚೇತರಿಸಿಕೊಂಡಳು, ಆದರೆ ಶಿಬಿರ ಮುಗಿಯುವವರೆಗೂ ಆಸ್ಪತ್ರೆಯಲ್ಲೇ ಇರಬೇಕಾಯಿತು. ಅವರ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬಿದ್ದು ನಾವೇ. ತಂದೆಗೆ ಬಹಳ ಆಸೆಯಿತ್ತಂತೆ, ವರ್ಷದಿಂದ ಕಾದಿದ್ದ ಐದು ದಿನಗಳು.

ಆ ರಾತ್ರಿ ನಮ್ಮ ಪಾಲಿನ ಕುಟುಂಬದ ತಾಯಿ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ಅವರಾಗಿಯೇ ಮಾತು ತೆಗೆದರು. ‘ಇದು ನನ್ನಿಂದಾನೇ ಅವನಿಗೆ ಬಂದಿದ್ದು. ಪರೀಕ್ಷೆ ಮಾಡಿಸಿದ್ದೀವಿ.’ ಸುಮಾರು ಮೂರನೆಯ ಒಂದು ಪಾಲು ಮಕ್ಕಳಲ್ಲಿ ಈ ದೋಷ ಹೊಸದಾಗಿ ಉಂಟಾಗುತ್ತದೆ, ಉಳಿದವರಲ್ಲಿ ತಾಯಿ ಅರಿವಿಲ್ಲದೆ ಅದರ ವಾಹಕಿಯಾಗಿರುತ್ತಾಳೆ. ಮಗಳಿಗೂ ಅದು ದಾಟಿರುವ ಸಾಧ್ಯತೆ ಅರ್ಧಕ್ಕರ್ಧ. ಅವಳಿಗೆ ಹೇಗೆ, ಯಾವಾಗ ಹೇಳುವುದೆಂಬ ಚಿಂತೆ ಅವರದು. ಹಾಗೆಲ್ಲ ಯೋಚಿಸಬೇಡಿ, ನಿಮ್ಮದೇನೂ ತಪ್ಪಿಲ್ಲ ಎಂದು ಹೇಳಲು ನನ್ನ ನಾಲಿಗೆ ತುಡಿಯಿತು. ಹಾಗೆಂದಿದ್ದರೆ ಅವರು ಹೌದು ಎಂದು ಎದ್ದು ಹೋಗುತ್ತಿದ್ದರು. ಸುಮ್ಮನೆ ಕೇಳಿಸಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವರು, ‘ಅವನಿಗೆ ಎಲ್ಲಾ ಗೊತ್ತು. ಮುಂದೇನಾಗತ್ತೆ ಅಂತಾನೂ ಗೊತ್ತು. ನನ್ನ ಮುಂದೆ ಮಾತ್ರ ಗೊತ್ತಿಲ್ದೋರ ಹಾಗೆ ಇರ್ತಾನೆ’ ಎಂದರು.

ತರಬೇತಿಯಲ್ಲಿ ಇದೇ ವಿಷಯ ಬಂದಿತ್ತು. ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ 1970ರ ದಶಕದಲ್ಲಿ ಲ್ಯುಕೇಮಿಯಾ ವಾರ್ಡೊಂದರ ಮಕ್ಕಳೊಂದಿಗೆ ತಿಂಗಳುಗಟ್ಟಲೆ ಕಳೆದು ಕಂಡುಕೊಂಡದ್ದೂ ಅದೇ: ಯಾರೂ ಹೇಳದಿದ್ದರೂ ಮಕ್ಕಳಿಗೆ ತಮ್ಮ ಸ್ಥಿತಿ ತಿಳಿದಿರುತ್ತದೆ, ದೊಡ್ಡವರು ನೊಂದುಕೊಳ್ಳಬಾರದೆಂದು ತಿಳಿಯದವರಂತೆ ನಡೆದುಕೊಳ್ಳುತ್ತಾರೆ. ಸ್ವೀಡನ್‌ನಲ್ಲಿ ಕ್ಯಾನ್ಸರಿನಿಂದ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನವನ್ನೂ ತಿಳಿಸಿದ್ದರು. ಮಗುವಿನೊಂದಿಗೆ ಸಾವಿನ ಬಗ್ಗೆ ಮಾತಾಡಿದ್ದ 147 ಜನರಲ್ಲಿ ಒಬ್ಬರೂ ಅದಕ್ಕಾಗಿ ಪರಿತಪಿಸಿರಲಿಲ್ಲ. ಮಾತಾಡದೆ ಉಳಿದವರಲ್ಲಿ ನೂರಕ್ಕೆ 27 ಜನರಿಗೆ ಪರಿತಾಪವಿತ್ತು. ಇದನ್ನೆಲ್ಲ ನಾನು ಆ ಮೆಟ್ಟಿಲ ಮೇಲೆ ಹೇಳಲಿಲ್ಲ, ಹೇಳುವುದು ನನ್ನ ಪಾತ್ರವೂ ಆಗಿರಲಿಲ್ಲ. ಶಿಬಿರದ ಆಪ್ತಸಮಾಲೋಚಕರು ನಾಳೆ ಬೆಳಗ್ಗೆ ಸಿಗುತ್ತಾರೆ, ಅವರೊಡನೆ ಮಾತಾಡುವಿರಾ ಎಂದು ಕೇಳಿದೆ. ಮಾತಾಡುತ್ತೇನೆ ಎಂದರು. ಮಾತಾಡಿದರು ಕೂಡ, ಏನೆಂಬುದು ನನಗೆ ತಿಳಿಯದು.

ಕೊನೆಯ ದಿನ ಬೆಳಗ್ಗೆ ನರ್ಸ್ ಐದು ದಿನಗಳ ಪುಟಗಳನ್ನು ತಾಯಿಗೆ ಓದಿ ಹೇಳಿ, ಉಳಿದ ಮಾತ್ರೆಗಳನ್ನು ಎಣಿಸಿ ಕೊಟ್ಟರು. ತಾಯಿ ಪ್ರತಿ ಸಾಲಿಗೂ ಗುರುತು ಹಾಕಿ, ಪುಸ್ತಕವನ್ನು ಚೀಲದ ಹೊರಜೇಬಿಗೆ ಸೇರಿಸಿದರು. ಆಮೇಲೆ ನನ್ನನ್ನು ಕೇಳಿದರು, ‘ಮುಂದಿನ ವರ್ಷದ್ದು ಅರ್ಜಿ ಯಾವಾಗ ಕೊಡ್ತಾರೆ?’

ಇನ್ನೂ ಒಮ್ಮೆಯೂ ಬಾರದ ಕುಟುಂಬಗಳಿಗೆ ಅಲ್ಲಿ ಮೊದಲ ಅವಕಾಶ. ಒಮ್ಮೆ ಬಂದವರ ಸರದಿ ಮತ್ತೆ ಬರಲು ಹಲವು ವರ್ಷ ಹಿಡಿಯುತ್ತದೆ. ಹಲವು ವರ್ಷ ಎಂದರೆ ಈ ಹುಡುಗನ ವಿಷಯದಲ್ಲಿ ಏನು ಅರ್ಥ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನಿಯಮ ನ್ಯಾಯವಾದದ್ದೇ, ಅದನ್ನು ನಾನು ಪ್ರಶ್ನಿಸಲಾರೆ. ಆದರೂ ಆ ಉತ್ತರವನ್ನು ಹೇಳಿದ ಗಳಿಗೆ ಐದು ದಿನಗಳಲ್ಲೇ ನನಗೆ ಅತಿ ಕಷ್ಟದ್ದು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಸ್ವಲ್ಪ ಹೊತ್ತು ವ್ಯಾನಿಗೆ ವೀಲ್‌ಚೇರ್ ಏರುವುದನ್ನೇ ನೋಡುತ್ತಿದ್ದರು. ‘ಅರ್ಜಿ ಹಾಕಿಡ್ತೀನಿ. ಯಾರಾದ್ರೂ ಬರೋಕಾಗ್ದೆ ಹೋದ್ರೆ ಫೋನ್ ಮಾಡಿ ಅಂತ ಬರೀತೀನಿ’ ಎಂದರು.

ಹುಡುಗಿ ತನ್ನ ಮನೆಯ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಹುಡುಗ ಕಿಟಕಿಯಿಂದ, ‘ಅಕ್ಕ, ಮಂಡಿದು ಮೊದ್ಲು’ ಎಂದ. ನೆನಪಿದೆ ಎಂದೆ.

ವ್ಯಾನು ಹೋದ ಮೇಲೆ ಆಟದ ಸಾಮಾನುಗಳನ್ನೆಲ್ಲ ಒಂದೊಂದಾಗಿ ಒರೆಸಿ, ಹಾಸಿಗೆಯ ಬಟ್ಟೆಗಳನ್ನು ಬಿಸಿನೀರಿನ ಒಗೆತಕ್ಕೆ ಹಾಕಬೇಕಿತ್ತು. ಅವನ ಕೋಣೆಯಲ್ಲಿ ಆರು ದಿಂಬುಗಳೂ ಅವನು ಮಲಗಿದ್ದ ಆಕಾರದಲ್ಲೇ ಬಿದ್ದಿದ್ದವು. ಕವರುಗಳನ್ನು ಬಿಚ್ಚಿದೆ. ಎರಡು ದಿನಗಳ ನಂತರ ಮುಂದಿನ ತಂಡ ಬರಲಿತ್ತು, ಅದರಲ್ಲೂ ಇದೇ ಕಾಯಿಲೆಯ ಒಬ್ಬ ಹುಡುಗನ ಹೆಸರು ಇತ್ತು. ಆ ಕುಟುಂಬಕ್ಕೆ ನೇಮಕವಾದ ಸ್ವಯಂಸೇವಕರಿಗಾಗಿ ಒಂದು ಚೀಟಿಯಲ್ಲಿ ದಿಂಬುಗಳ ಕ್ರಮವನ್ನು ಬರೆದು, ಕೆಳಗೆ, ‘ಇದು ಒಬ್ಬನ ಕ್ರಮ, ನಿಮ್ಮ ಹುಡುಗನನ್ನು ಕೇಳಿ’ ಎಂದು ಸೇರಿಸಿ, ಕಪಾಟಿನ ಬಾಗಿಲಿನ ಒಳಗಡೆ ಅಂಟಿಸಿದೆ.